ಆಯಿಷಾ ತಿದ್ದಿದ್ದು, ಪಂಡಿತರು ಆರಿಸಿಕೊಂಡದ್ದು

ಕ್ರಿ.ಶ. 700ರ ಆಸುಪಾಸಿನ ಮದೀನಾ. ಕಬ್ಬಿಣದ ಒಂದಿಷ್ಟು ಉಂಗುರ ಕದ್ದ ತಪ್ಪಿಗೆ ನಬತೀಯ ಜನಾಂಗದವನೊಬ್ಬ ಸೆರೆಮನೆಯಲ್ಲಿದ್ದಾನೆ. ಅವನ ಕೈ ಕಡಿಸುವುದೆಂದು ತೀರ್ಮಾನವಾಗಿದೆ. ತೀರ್ಮಾನ ಮಾಡಿದ ಅಧಿಕಾರಿ ಅಬೂಬಕರ್ ಇಬ್ನ್ ಹಝ್ಮ್ ಜನರ ನಡುವೆ ಕುಳಿತಿದ್ದಾಗ ಹುಡುಗಿಯೊಬ್ಬಳು ಬಂದು, ಅವರ ಚಿಕ್ಕಮ್ಮ ಅಮ್ರಾ ಹೇಳಿಕಳಿಸಿದ್ದನ್ನು ಎಲ್ಲರೆದುರಿಗೇ ಒಪ್ಪಿಸುತ್ತಾಳೆ. ಇಷ್ಟು ಅಲ್ಪದ ವಸ್ತುವಿಗಾಗಿ ಒಬ್ಬನನ್ನು ಹಿಡಿದು ಕೈ ಕಡಿಸಲು ಹೊರಟಿರುವುದು ನಿಜವೇ ಎಂದು ಚಿಕ್ಕಮ್ಮ ಕೇಳುತ್ತಿದ್ದಾರೆ. ಅಧಿಕಾರಿ ಹೌದೆನ್ನುತ್ತಾರೆ. ಹಾಗಿದ್ದರೆ ಕೇಳಿ, ಕದ್ದ ಮಾಲು ಕಾಲು ದಿನಾರ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದಾಗಿರದಿದ್ದರೆ ಕೈ ಕಡಿಯುವಂತಿಲ್ಲ ಎಂಬುದು ಚಿಕ್ಕಮ್ಮನ ಮಾತು ಎನ್ನುತ್ತಾಳೆ ಹುಡುಗಿ. ಅಧಿಕಾರಿ ಮರುಮಾತಾಡದೆ ಕಳ್ಳನನ್ನು ಬಿಡಿಸುತ್ತಾರೆ.

ಈ ಪ್ರಸಂಗವನ್ನು ದಾಖಲಿಸಿರುವುದು ಇಮಾಮ್ ಮಾಲಿಕ್ ಅವರ ‘ಮುವತ್ತಾ’, ಇಸ್ಲಾಮೀ ಕಾನೂನಿನ ಅತಿ ಹಳೆಯ ಗ್ರಂಥಗಳಲ್ಲೊಂದು. ಮಾಲಿಕ್ ತೀರಿಕೊಂಡದ್ದು 795ರಲ್ಲಿ. ಅಮ್ರಾ ಬಿಂತ್ ಅಬ್ದುಲ್ ರಹಮಾನ್ ಪ್ರವಾದಿಯವರ ಪತ್ನಿ ಆಯಿಷಾ ಅವರ ಆರೈಕೆಯಲ್ಲಿ ಬೆಳೆದವರು, ಅವರ ಶಿಷ್ಯೆ. ಮುಂದೆ ಖಲೀಫ ಎರಡನೇ ಉಮರ್ (ಆಳ್ವಿಕೆ 717–720) ಹದೀಸ್‌ಗಳು (ಪ್ರವಾದಿಯವರ ನಡೆನುಡಿಗಳ ವರದಿಗಳು) ಅಳಿದುಹೋದಾವೆಂಬ ಆತಂಕದಿಂದ ಅವನ್ನು ಬರೆದಿಡಲು ಆಜ್ಞೆ ಮಾಡಿದಾಗ, ಅಮ್ರಾ ಬಳಿ ಇರುವುದನ್ನು ಬರೆದುಕೊಳ್ಳುವಂತೆ ಹೆಸರು ಹಿಡಿದೇ ಸೂಚಿಸಿದ್ದರಂತೆ. ಆ ಆಜ್ಞೆ ಹೋದದ್ದು ಇದೇ ಅಬೂಬಕರ್ ಇಬ್ನ್ ಹಝ್ಮ್ ಅವರಿಗೆ.

ಇಸ್ಲಾಮಿನ ಆದಿಕಾಲದ ಹೆಣ್ಣುಮಕ್ಕಳ ಬಗ್ಗೆ ಮಾತೆತ್ತಿದ ಕೂಡಲೇ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಹೊರಬರುತ್ತವೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಣ್ಣಿಗೆ ಎಲ್ಲವನ್ನೂ ಕೊಟ್ಟಾಗಿದೆ, ಈಗ ಕೇಳುವುದೇನಿದೆ ಎಂಬುದು ಒಂದು. ಅಲ್ಲಿ ಮೊದಲಿನಿಂದಲೂ ಕತ್ತಲೆಯೇ ಇದ್ದದ್ದು ಎಂಬುದು ಇನ್ನೊಂದು. ಒಬ್ಬರು ಪ್ರವಾದಿಯವರ ಮೊದಲ ಪತ್ನಿ ಖದೀಜಾ ಅವರ ವ್ಯಾಪಾರವನ್ನು ಉದಾಹರಿಸಿದರೆ ಇನ್ನೊಬ್ಬರು ಬಹುಪತ್ನಿತ್ವವನ್ನು ಎತ್ತುತ್ತಾರೆ. ಇಬ್ಬರ ಕೈಯಲ್ಲೂ ಪುರಾವೆಯಿದೆ, ಅದರಿಂದಲೇ ಈ ಜಗಳ ಮುಗಿಯುವುದಿಲ್ಲ. ಹಳೆಯ ದಾಖಲೆಗಳನ್ನು ತಾಳ್ಮೆಯಿಂದ ಓದಿದರೆ ಬೇರೆಯೇ ಒಂದು ಪ್ರಶ್ನೆ ಮುಖ್ಯವಾಗುತ್ತದೆ. ಹೆಣ್ಣಿನ ಮಾತನ್ನು ಕೇಳಿಸಿಕೊಂಡರೇ, ಬರೆದಿಟ್ಟರೇ ಎಂದರೆ ಹೌದು, ಧಾರಾಳವಾಗಿ. ಆದರೆ ಬರೆದಿಟ್ಟ ನೂರು ಮಾತುಗಳಲ್ಲಿ ಯಾವುದು ಕಾನೂನಾಗಬೇಕು, ಯಾವುದು ಗ್ರಂಥದ ಮೂಲೆಯಲ್ಲಿ ಉಳಿಯಬೇಕು ಎಂದು ಆರಿಸಿದವರು ಯಾರು? ಅಮ್ರಾ ಕಾಲದಲ್ಲಿ ಆ ಆಯ್ಕೆಯಲ್ಲಿ ಹೆಂಗಸರಿಗೂ ಪಾಲಿತ್ತು. ಅದು ಕೈತಪ್ಪಿದ್ದು ಆಮೇಲೆ.

ಪ್ರವಾದಿ ಮುಹಮ್ಮದ್ 632ರಲ್ಲಿ ತೀರಿಕೊಂಡ ಮೇಲೆ ಅವರ ನಡೆನುಡಿಗಳು ಕಂಡವರ, ಕೇಳಿದವರ ನೆನಪಿನಲ್ಲಿ ಉಳಿದವು. ಇಂಥವರು ಇಂಥವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಸರಪಳಿಯ ಸಮೇತ ಆ ನೆನಪುಗಳು ಹದೀಸ್‌ಗಳಾದವು. ಬುಖಾರಿ (810–870) ಮೊದಲಾದವರ ಸಂಗ್ರಹಗಳು ಸಿದ್ಧವಾಗುವ ಹೊತ್ತಿಗೆ ಎರಡು ಶತಮಾನ ಕಳೆದಿತ್ತು. ಆದ್ದರಿಂದ ಮುಂದೆ ಬರುವ ಪ್ರಸಂಗಗಳೆಲ್ಲ ಹೀಗೆ ಹೇಳಲಾಗಿದೆ ಎಂಬ ಷರತ್ತಿಗೆ ಒಳಪಟ್ಟವು. ಆದರೂ ಒಂದು ಸಂಗತಿ ಗಟ್ಟಿ. ಸಂಪೂರ್ಣವಾಗಿ ಗಂಡಸರೇ ಸಂಪಾದಿಸಿದ ಈ ಗ್ರಂಥಗಳಲ್ಲಿ ಗಂಡಸರನ್ನು ಪೇಚಿಗೆ ಸಿಲುಕಿಸುವ ಹೆಂಗಸರ ಮಾತುಗಳು ಉಳಿದುಕೊಂಡಿವೆ. ಅವನ್ನು ತೆಗೆದುಹಾಕಲು ಸಂಪಾದಕರಿಗೆ ಮನಸ್ಸು ಬರಲಿಲ್ಲ, ಅಥವಾ ಧೈರ್ಯ ಸಾಲಲಿಲ್ಲ.

ಇನ್ನೊಂದು ವಿಶೇಷವೂ ಇದೆ. ಸಾಲದ ಕರಾರಿಗೆ ಇಬ್ಬರು ಗಂಡಸರು ಸಾಕ್ಷಿಗಳಾಗಿರಬೇಕು, ಇಲ್ಲವೇ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು ಎಂದು ಕುರ್‌ಆನಿನ ಎರಡನೇ ಅಧ್ಯಾಯ ಹೇಳುತ್ತದೆ. ಹೆಣ್ಣಿನ ಸಾಕ್ಷ್ಯ ಅರ್ಧ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಹದೀಸ್ ನಿರೂಪಣೆಗೆ ಈ ಲೆಕ್ಕ ಅನ್ವಯಿಸಲಿಲ್ಲ. ಒಬ್ಬಳೇ ಹೆಣ್ಣು ಒಂದು ಮಾತನ್ನು ತಂದರೂ, ಅವಳು ನಂಬಿಕಸ್ತೆಯಾಗಿದ್ದರೆ ಅದು ಒಬ್ಬ ಗಂಡಸು ತಂದ ಮಾತಿಗೆ ಸಮ. ಸಾಕ್ಷ್ಯ ಬೇರೆ, ನಿರೂಪಣೆ ಬೇರೆ ಎಂದು ಇಮಾಮ್ ಶಾಫಿಈ (ನಿಧನ 820) ಅವರಂಥ ಕಾನೂನು ಪಂಡಿತರೇ ಗೆರೆ ಎಳೆದರು. ಇದರ ಪರಿಣಾಮ ನೋಡಿ: ಹತ್ತು ದಿರ್‌ಹಮ್ ಸಾಲದ ಪತ್ರಕ್ಕೆ ಒಬ್ಬಳ ಮಾತು ಸಾಲದು, ಆದರೆ ಇಡೀ ಸಮುದಾಯ ನಮಾಜಿಗೆ ಮುಂಚೆ ಹೇಗೆ ವುಜೂ (ಅಂಗಶುದ್ಧಿ) ಮಾಡಬೇಕು ಎಂಬುದಕ್ಕೆ ಒಬ್ಬಳ ಮಾತು ಸಾಕು! ಹದಿನಾಲ್ಕನೇ ಶತಮಾನದ ವಿಮರ್ಶಕ ಅಲ್ ಝಹಬಿ ಸುಳ್ಳು ಮತ್ತು ದುರ್ಬಲ ನಿರೂಪಕರ ದೊಡ್ಡ ಕೋಶವನ್ನೇ ಬರೆದವರು. ಹದೀಸ್ ಕಟ್ಟಿ ಹೇಳಿದ ಆರೋಪ ಹೊತ್ತ ಒಬ್ಬ ಹೆಂಗಸನ್ನೂ ತಾನು ಕಂಡಿಲ್ಲ ಎಂದು ಅವರು ಅದರಲ್ಲೇ ನಮೂದಿಸಿದ್ದಾರೆ.

ಆಯಿಷಾ ಅವರ ಕೋಣೆ ಮದೀನಾದ ಮಸೀದಿಗೆ ಅಂಟಿಕೊಂಡಿತ್ತು. ಪ್ರವಾದಿ ಕೊನೆಯುಸಿರೆಳೆದದ್ದೂ, ಸಮಾಧಿಯಾದದ್ದೂ ಅಲ್ಲೇ. ಆ ಬಳಿಕ 678ರವರೆಗೆ, ಸುಮಾರು 46 ವರ್ಷ, ಅವರು ಬದುಕಿದ್ದರು. 2,210 ಹದೀಸ್‌ಗಳು ಅವರ ಹೆಸರಿನಲ್ಲಿವೆ ಎಂಬುದು ಸಾಂಪ್ರದಾಯಿಕ ಲೆಕ್ಕ. ಆದರೆ ಈ ಸಂಖ್ಯೆಗಿಂತ ಕುತೂಹಲದ್ದು ಇನ್ನೊಂದು ಪಟ್ಟಿ. 1392ರಲ್ಲಿ ತೀರಿಕೊಂಡ ಕೈರೋದ ಪಂಡಿತ ಅಲ್ ಝರ್ಕಶಿ, ಆಯಿಷಾ ಯಾವ ಯಾವ ಸಹಾಬಿಗಳನ್ನು (ಪ್ರವಾದಿಯವರ ಸಂಗಡಿಗರನ್ನು) ಎಲ್ಲೆಲ್ಲಿ ತಿದ್ದಿದರು ಎಂಬುದನ್ನೇ ಒಟ್ಟುಮಾಡಿ ಒಂದು ಪುಸ್ತಕ ರಚಿಸಿದರು. ತಿದ್ದಿಸಿಕೊಂಡವರ ಸಾಲಿನಲ್ಲಿ ಖಲೀಫ ಉಮರ್ (ಎರಡನೇ ಉಮರ್‌ಗಿಂತ ಮೊದಲಿನವರು), ಅವರ ಮಗ ಇಬ್ನ್ ಉಮರ್, ಅತಿ ಹೆಚ್ಚು ಹದೀಸ್‌ಗಳ ನಿರೂಪಕ ಅಬೂಹುರೈರಾ ಎಲ್ಲರೂ ಇದ್ದಾರೆ.

ತಿದ್ದುವ ಧಾಟಿ ಮೊನಚಾದದ್ದು. ಹೆಂಗಸರು ಶುದ್ಧಿಸ್ನಾನ ಮಾಡುವಾಗ ಹೆಣೆದ ಜಡೆಯನ್ನು ಪೂರ್ತಿ ಬಿಚ್ಚಲೇಬೇಕೆಂದು ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ಸಹಾಬಿ ಅಪ್ಪಣೆ ಕೊಡುತ್ತಿದ್ದ ಸುದ್ದಿ ಬಂದಾಗ, ಹಾಗಾದರೆ ತಲೆ ಬೋಳಿಸಿಕೊಳ್ಳಿ ಎಂದೇ ಹೇಳಿಬಿಡಬಹುದಿತ್ತಲ್ಲ ಎಂದು ಆಯಿಷಾ ಚುಚ್ಚಿದರು. ತಾನು ಪ್ರವಾದಿಯವರ ಜೊತೆ ಒಂದೇ ಪಾತ್ರೆಯ ನೀರಿನಲ್ಲಿ ಮೀಯುತ್ತಿದ್ದೆ, ತಲೆಗೆ ಮೂರು ಸಲ ನೀರು ಸುರಿದುಕೊಂಡರೆ ಮುಗಿಯುತ್ತಿತ್ತು ಎಂಬುದು ಅವರ ಸಾಕ್ಷ್ಯ. ನೀರು ಅಪರೂಪವಾದ ಊರಿನಲ್ಲಿ, ಗಂಟೆಗಟ್ಟಲೆ ಕೂತು ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುವ ಕಷ್ಟ ಅಪ್ಪಣೆ ಕೊಟ್ಟವರಿಗೆ ಗೊತ್ತಿರಲಿಕ್ಕಿಲ್ಲ. ನಾಯಿ, ಕತ್ತೆ, ಹೆಣ್ಣು ಎದುರಿಗೆ ಹಾದರೆ ನಮಾಜ್ ಭಂಗವಾಗುತ್ತದೆ ಎಂಬ ಮಾತು ಹರಡಿದಾಗಲೂ ಅವರು ಕೆರಳಿದರು. ನಮ್ಮನ್ನು ನಾಯಿ ಕತ್ತೆಗಳ ಸಾಲಿಗೆ ಸೇರಿಸಿದಿರಾ ಎಂದು ಕೇಳಿ, ಪ್ರವಾದಿ ರಾತ್ರಿ ನಮಾಜ್ ಮಾಡುವಾಗ ತಾನು ಅವರ ಮುಂದೆಯೇ ಮಲಗಿರುತ್ತಿದ್ದುದನ್ನು ನೆನಪಿಸಿದರು. ಹೆಣ್ಣು, ಮನೆ, ಕುದುರೆ ಈ ಮೂರರಲ್ಲಿ ಅಪಶಕುನವಿದೆ ಎಂಬ ಹೇಳಿಕೆಗೆ ಅವರು ಕೊಟ್ಟ ವಿವರಣೆಯಂತೂ ಇಂದಿನ ಪತ್ರಿಕಾ ಸಂಪಾದಕರೂ ಕಲಿಯುವಂಥದ್ದು. ಅದು ಇತರರ ಮೂಢನಂಬಿಕೆ ಎಂದು ಪ್ರವಾದಿ ವಿವರಿಸುತ್ತಿದ್ದರು, ಅಬೂಹುರೈರಾ ತಡವಾಗಿ ಒಳಗೆ ಬಂದು ಮಾತಿನ ಬಾಲವನ್ನಷ್ಟೇ ಕೇಳಿಸಿಕೊಂಡರು!

ಸ್ವಾರಸ್ಯವೆಂದರೆ ತಿದ್ದುಪಡಿಯೂ ಉಳಿಯಿತು, ತಿದ್ದಿಸಿಕೊಂಡ ಮಾತೂ ಉಳಿಯಿತು. ಎರಡೂ ಪ್ರಮಾಣಗ್ರಂಥಗಳಲ್ಲಿವೆ. ಯಾವುದನ್ನು ಮೊದಲು ತೆರೆಯುತ್ತೀರಿ ಎಂಬುದರ ಮೇಲೆ ಧರ್ಮ ಬೇರೆ ಬೇರೆಯಾಗಿ ಕಾಣುತ್ತದೆ.

ಹೆಣ್ಣಿನ ಮಾತನ್ನು ತಳ್ಳಿಹಾಕಿದ ಉದಾಹರಣೆಯೂ ಅಷ್ಟೇ ಪ್ರಸಿದ್ಧ. ಫಾತಿಮಾ ಬಿಂತ್ ಕೈಸ್ ಎಂಬವರಿಗೆ ದೂರದಲ್ಲಿದ್ದ ಗಂಡ ಕೊನೆಯ ತಲಾಖ್ ಹೇಳಿಕಳಿಸಿದ. ಅವನ ಕಡೆಯವನು ಒಂದಿಷ್ಟು ಬಾರ್ಲಿ ತಂದುಕೊಟ್ಟಾಗ ಆಕೆ ಸಿಟ್ಟಿಗೆದ್ದು ಪ್ರವಾದಿಯವರ ಬಳಿ ಹೋದರು. ಹಿಂತೆಗೆಯಲಾಗದ ತಲಾಖ್ ಆದ್ದರಿಂದ ನಿನಗೆ ಜೀವನಾಂಶವೂ ಇಲ್ಲ, ವಸತಿಯೂ ಇಲ್ಲ ಎಂದು ಪ್ರವಾದಿ ತಿಳಿಸಿದ್ದಾಗಿ ಆಕೆಯ ನಿರೂಪಣೆ. ಇದ್ದತ್ (ತಲಾಖ್ ಬಳಿಕ ಕಾಯಬೇಕಾದ ಅವಧಿ) ಮುಗಿದ ಮೇಲೆ ಬಂದ ಸಂಬಂಧಗಳ ಬಗ್ಗೆ ಪ್ರವಾದಿ ಕೊಟ್ಟ ಸಲಹೆಯೂ ಅದರಲ್ಲಿದೆ. ಮುಆವಿಯಾ ಕೈಯಲ್ಲಿ ಕಾಸಿಲ್ಲ, ಅಬೂಜಹಮ್ ಹೆಗಲಿನಿಂದ ಕೋಲು ಇಳಿಸುವವನಲ್ಲ, ಉಸಾಮಾನನ್ನು ಮದುವೆಯಾಗು ಎಂದರಂತೆ. ಕಾಸಿಲ್ಲದ ಆ ಮುಆವಿಯಾ ಮುಂದೆ ಸಾಮ್ರಾಜ್ಯದ ಖಲೀಫನಾದದ್ದು ಬೇರೆ ಕಥೆ.

ಜೀವನಾಂಶದ ಈ ನಿರೂಪಣೆಯನ್ನು ಖಲೀಫ ಉಮರ್ ಒಪ್ಪಲಿಲ್ಲ. ನೆನಪಿಟ್ಟುಕೊಂಡಳೋ ಮರೆತಳೋ ತಿಳಿಯದ ಒಬ್ಬ ಹೆಂಗಸಿನ ಮಾತಿಗಾಗಿ ದೇವಗ್ರಂಥವನ್ನು ಬಿಡಲಾಗದು ಎಂಬುದು ಅವರ ನಿಲುವು. ಇಂದಿನ ಓದುಗರಿಗೆ ಈ ವಾಕ್ಯ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ, ಹೆಣ್ಣೆಂದರೆ ಮರೆವು ಎಂಬ ಧೋರಣೆ ಅದರಲ್ಲಿರುವುದೂ ನಿಜ. ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಫಾತಿಮಾರ ಮಾತನ್ನು ತಳ್ಳಿದ್ದರಿಂದ ಲಾಭವಾದದ್ದು ತಲಾಖ್ ಆದ ಹೆಂಗಸರಿಗೆ! ಉಮರ್ ಪ್ರಕಾರ ಅವರಿಗೆ ಇದ್ದತ್ ಮುಗಿಯುವವರೆಗೆ ಊಟ ಬಟ್ಟೆಯ ಖರ್ಚೂ ಸಿಗಬೇಕು, ಸೂರೂ ಸಿಗಬೇಕು. ಫಾತಿಮಾರನ್ನು ಆಕ್ಷೇಪಿಸಿದವರಲ್ಲಿ ಆಯಿಷಾ ಕೂಡ ಇದ್ದರು. ಹೆಣ್ಣಿನ ಮಾತಿಗೆ ಗೌರವ, ಹೆಣ್ಣಿನ ಬದುಕಿಗೆ ಅನುಕೂಲ ಇವೆರಡೂ ಯಾವಾಗಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಸುವರ್ಣಯುಗದವರೂ ಕತ್ತಲೆಯವರೂ ಕಾಣದೆ ಹೋಗುವುದು ಇಂಥ ಜಾಗವನ್ನೇ. ಫಾತಿಮಾ ಮಾತ್ರ ಸುಮ್ಮನಿರಲಿಲ್ಲ. ಮದೀನಾದ ರಾಜ್ಯಪಾಲ ಮರ್ವಾನ್, ಇದನ್ನು ಒಬ್ಬ ಹೆಂಗಸಿನಿಂದಲ್ಲದೆ ಬೇರೆಯವರಿಂದ ಕೇಳಿಲ್ಲ ಎಂದು ಹಗುರವಾಗಿ ಆಡಿದ್ದು ಕಿವಿಗೆ ಬಿದ್ದಾಗ, ನಿಮ್ಮ ನಮ್ಮ ನಡುವೆ ಕುರ್‌ಆನ್ ಇದೆಯಲ್ಲ ಎಂದು ವಚನವನ್ನೇ ಮುಂದಿಟ್ಟು ವಾದಿಸಿದರು.

ಈ ಹಳೆಯ ಜಗಳದ ಗೆರೆ ಕರ್ನಾಟಕದ ಮೇಲೂ ಹಾದಿದೆ. ಬಯಲುಸೀಮೆಯ, ಹಳೆಯ ಮೈಸೂರಿನ ಮುಸ್ಲಿಮರು ಬಹುಪಾಲು ಹನಫಿ ಪಂಥದವರು. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಬಹುಪಾಲು ಶಾಫಿಈಗಳು. ಹನಫಿಗಳು ಉಮರ್ ಮಾತು ಹಿಡಿದು ಖರ್ಚು ಮತ್ತು ವಸತಿ ಎರಡನ್ನೂ ಕೊಡಬೇಕೆಂದರು. ಹನ್ಬಲಿಗಳು ಫಾತಿಮಾರ ಮಾತು ಹಿಡಿದು ಎರಡೂ ಇಲ್ಲವೆಂದರು. ಶಾಫಿಈಗಳು ನಡುವೆ ನಿಂತರು: ಗರ್ಭಿಣಿಯಲ್ಲದಿದ್ದರೆ ವಸತಿ ಉಂಟು, ಖರ್ಚಿಲ್ಲ. ಹನ್ನೆರಡನೇ ಶತಮಾನದಲ್ಲಿ ಮರ್ಗೀನಾನಿ ಬರೆದ ಹನಫಿ ಗ್ರಂಥ ‘ಹಿದಾಯಾ’ದ ಜೀವನಾಂಶದ ಭಾಗದಲ್ಲಿ ಫಾತಿಮಾ–ಉಮರ್ ಪ್ರಸಂಗ ಹೆಸರು ಸಮೇತ ಬರುತ್ತದೆ. ಅದೇ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳ ಅನುಕೂಲಕ್ಕಾಗಿ ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದ. ಜೀವಂತ ವಾಗ್ವಾದವಾಗಿದ್ದದ್ದು ಬ್ರಿಟಿಷ್ ನ್ಯಾಯಾಧೀಶರ ಮೇಜಿನ ಮೇಲೆ ನಿಂತ ನೀರಿನಂಥ ಕಾನೂನು ಪುಸ್ತಕವಾಯಿತು. 1985ರಲ್ಲಿ ಸುಪ್ರೀಂ ಕೋರ್ಟಿನ ಶಾಬಾನೋ ತೀರ್ಪು ಬಂದಾಗ, ಇದ್ದತ್ತಿನಾಚೆಗೂ ಜೀವನಾಂಶ ಕೊಡಬೇಕೇ ಎಂದು ದೇಶವೇ ಹೊತ್ತಿ ಉರಿದಾಗ, ಮೊದಲ ತಲೆಮಾರಿನವರೇ ಇದರ ಬಗ್ಗೆ ಒಮ್ಮತಕ್ಕೆ ಬಂದಿರಲಿಲ್ಲ ಎಂಬುದನ್ನು ಹೇಳಿದವರು ಕಡಿಮೆ.

ಮಸೀದಿಯ ವಿಷಯಕ್ಕೆ ಬಂದರೆ ಆಯ್ಕೆಯ ಆಟ ಇನ್ನೂ ಸ್ಪಷ್ಟ. ಪ್ರವಾದಿಯವರ ಕಾಲದ ಮದೀನಾದ ಮಸೀದಿಯಲ್ಲಿ ಹೆಂಗಸರಿದ್ದರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಹದೀಸ್‌ಗಳಲ್ಲಿ ಅದರ ಕುರುಹುಗಳು ಬೇಕೆಂದು ಹೇಳಿದಂತಲ್ಲ, ಮಾತಿನ ನಡುವೆ ತಾವಾಗಿ ನುಸುಳಿದಂತೆ ಬರುತ್ತವೆ. ಹಿಂದಿನ ಸಾಲಿನಲ್ಲಿ ಮಗು ಅತ್ತರೆ ತಾಯಿಗೆ ಕಷ್ಟವಾದೀತೆಂದು ಪ್ರವಾದಿ ನಮಾಜನ್ನು ಚಿಕ್ಕದಾಗಿ ಮುಗಿಸುತ್ತಿದ್ದರು. ಬಡ ಗಂಡಸರ ಪಂಚೆ ತೀರಾ ಗಿಡ್ಡವಾಗಿದ್ದರಿಂದ, ಅವರು ನೆಟ್ಟಗೆ ಕೂರುವ ತನಕ ಸಜ್ದಾದಿಂದ (ನೆಲಕ್ಕೆ ಹಣೆ ಮುಟ್ಟಿಸಿ ಬಾಗುವ ಭಂಗಿಯಿಂದ) ತಲೆಯೆತ್ತಬೇಡಿ ಎಂದು ಹಿಂದಿನ ಸಾಲಿನ ಹೆಂಗಸರಿಗೆ ಸೂಚನೆಯಿತ್ತು. ನಡುವೆ ಗೋಡೆಯೋ ಪರದೆಯೋ ಇದ್ದಿದ್ದರೆ ಆ ಸೂಚನೆ ಬೇಕಾಗುತ್ತಲೇ ಇರಲಿಲ್ಲ. ಮಸೀದಿ ಗುಡಿಸುತ್ತಿದ್ದ ಒಬ್ಬ ಕಪ್ಪು ಹೆಂಗಸು ಸತ್ತಾಗ ಜನ ತಿಳಿಸದೆಯೇ ಮಣ್ಣು ಮಾಡಿಬಿಟ್ಟರು. ಪ್ರವಾದಿ ವಿಚಾರಿಸಿ, ಅವಳ ಗೋರಿಯ ಬಳಿಗೇ ಹೋಗಿ ಪ್ರಾರ್ಥಿಸಿದರು. ಇನ್ನೊಂದು ಪ್ರಸಂಗ ಪ್ರವಾದಿಯವರ ಮತ್ತೊಬ್ಬ ಪತ್ನಿ ಉಮ್ಮು ಸಲಮಾ ಅವರದು. ಕೆಲಸದ ಹುಡುಗಿಯ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಾಗ ಪಕ್ಕದ ಮಸೀದಿಯಿಂದ ಜನರೇ ಎಂಬ ಕರೆ ಕೇಳಿ ಎದ್ದು ಹೊರಟರು. ಕರೆದದ್ದು ಗಂಡಸರನ್ನು, ಹೆಂಗಸರನ್ನಲ್ಲ ಎಂದು ಹುಡುಗಿ ತಡೆದಳು. ತಾನೂ ಆ ಜನರಲ್ಲಿ ಸೇರಿದವಳೇ ಎಂಬುದು ಉಮ್ಮು ಸಲಮಾ ಕೊಟ್ಟ ಉತ್ತರ.

ಎರಡನೇ ತಲೆಮಾರಿನಲ್ಲೇ ತಕರಾರು ಶುರುವಾಗಿತ್ತು. ಹೆಂಗಸರನ್ನು ಮಸೀದಿಗೆ ಹೋಗದಂತೆ ತಡೆಯಬಾರದು ಎಂಬ ಪ್ರವಾದಿಯವರ ಮಾತನ್ನು ಇಬ್ನ್ ಉಮರ್ ಹೇಳುತ್ತಿದ್ದಾಗ ಅವರ ಸ್ವಂತ ಮಗನೇ, ದೇವರಾಣೆ ನಾವು ತಡೆದೇ ತಡೆಯುತ್ತೇವೆ, ಬಿಟ್ಟರೆ ಅದನ್ನೇ ನೆಪ ಮಾಡಿಕೊಂಡಾರು ಎಂದ. ಇಬ್ನ್ ಉಮರ್ ಹಿಂದೆಂದೂ ಬೈಯದಷ್ಟು ಕೆಟ್ಟದಾಗಿ ಅವನಿಗೆ ಬೈದರಂತೆ. ಅಪ್ಪ ಪ್ರವಾದಿಯವರ ಮಾತು ಹೇಳುತ್ತಿದ್ದಾನೆ, ಮಗ ತನ್ನ ಕಾಲದ ಮಾತು ಹೇಳುತ್ತಿದ್ದಾನೆ. ಮುಂದಿನ ಶತಮಾನಗಳಲ್ಲಿ ಹದೀಸಾಗಿ ಉಳಿದದ್ದು ಅಪ್ಪನ ಮಾತು, ಆಚರಣೆಯಲ್ಲಿ ಗೆದ್ದದ್ದು ಮಗನ ಹಟ.

ಖಲೀಫ ಉಮರ್ ಅವರ ಪತ್ನಿ ಆತಿಕಾ ಬಿಂತ್ ಝೈದ್ ಕಥೆ ಇನ್ನೂ ಬಿಗಿಯಾದದ್ದು. ಆಕೆ ಮಸೀದಿಗೆ ಹೋಗುವುದು ಗಂಡನಿಗೆ ಇಷ್ಟವಿರಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳಲಿ ನೋಡೋಣ ಎನ್ನುತ್ತಿದ್ದರು ಆತಿಕಾ. ಪ್ರವಾದಿಯವರ ಮಾತು ಅಡ್ಡ ಇದ್ದದ್ದರಿಂದ ಸಾಮ್ರಾಜ್ಯ ಆಳುತ್ತಿದ್ದ ಉಮರ್ ಹೆಂಡತಿಗೆ ಬೇಡ ಎನ್ನಲಾರದೆ ಹೋದರು. 644ರಲ್ಲಿ ಅವರು ಮಸೀದಿಯಲ್ಲೇ ಇರಿತಕ್ಕೊಳಗಾದಾಗ ಆತಿಕಾ ಒಳಗಿದ್ದರೆಂದು ವರದಿಯಿದೆ. ಬಳಿಕ ಆಕೆಯನ್ನು ಮದುವೆಯಾದ ಝುಬೈರ್ ಬೇರೆ ಉಪಾಯ ಹೂಡಿದರು ಎನ್ನುತ್ತದೆ ಇನ್ನೊಂದು ಹೇಳಿಕೆ. ಕತ್ತಲಲ್ಲಿ ದಾರಿಯಲ್ಲಿ ಅವಿತು, ಹಾದುಹೋಗುತ್ತಿದ್ದ ಹೆಂಡತಿಗೆ ಹಿಂದಿನಿಂದ ಕೈ ತಾಗಿಸಿ ಮಾಯವಾದರು. ಕಾಲ ಕೆಟ್ಟಿತೆಂದು ಆಕೆ ಮಸೀದಿಗೆ ಹೋಗುವುದನ್ನೇ ಬಿಟ್ಟರಂತೆ. ಇದು ನಡೆದದ್ದೋ ಕಟ್ಟಿದ್ದೋ, ಬರೆದಿಟ್ಟವರಿಗೆ ಒಂದು ಸತ್ಯ ಗೊತ್ತಿತ್ತು: ಕೆಡಿಸಿದವರು ಬೀದಿಯ ಪುಂಡರೇ ಆಗಿರಬೇಕಿಲ್ಲ.

ಆಯಿಷಾ ಅವರನ್ನು ಇಂದಿನ ಸ್ತ್ರೀವಾದಿಯ ಅಚ್ಚಿನಲ್ಲಿ ಎರಕ ಹೊಯ್ಯುವವರಿಗೆ ಇಲ್ಲೊಂದು ತೊಡಕಿದೆ. ಈಗಿನ ಹೆಂಗಸರ ನಡವಳಿಕೆಯನ್ನು ಪ್ರವಾದಿ ಕಂಡಿದ್ದರೆ ಮಸೀದಿಗೆ ಬರುವುದನ್ನು ತಡೆಯುತ್ತಿದ್ದರು ಎಂಬ ಮಾತೂ ಅವರ ಹೆಸರಿನಲ್ಲೇ ಇದೆ. ಬೇಸರದ ಗಳಿಗೆಯಲ್ಲಿ ಹಿರಿಯರ ಬಾಯಿಂದ ಬರುವಂಥ ಮಾತು. ಅವರು ತಡೆಯಿರಿ ಎನ್ನಲಿಲ್ಲ, ಹೀಗಿದ್ದರೆ ಹಾಗಾಗುತ್ತಿತ್ತು ಎಂದರು. ಆದರೆ ಮುಂದಿನ ಪಂಡಿತರು ಆಯಿಷಾ ಅವರ ಹತ್ತಾರು ತಿದ್ದುಪಡಿಗಳನ್ನು ಬದಿಗಿಟ್ಟು ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರು. ‘ಹಿದಾಯಾ’ ಕೊಡುವ ನಿಯಮ ಹೀಗಿದೆ: ಯುವತಿಯರು ಬರುವುದು ಬೇಡ, ಮುದುಕಿಯರು ಬೆಳಗಿನ ಜಾವದ, ಮುಸ್ಸಂಜೆಯ ಮತ್ತು ರಾತ್ರಿಯ ನಮಾಜ್‌ಗಳಿಗೆ ಬರಬಹುದು. ಯಾಕೆಂದರೆ ಪೋಲಿಗಳು ಬೆಳಗ್ಗೆ, ರಾತ್ರಿ ಮಲಗಿರುತ್ತಾರೆ, ಸಂಜೆ ಊಟದಲ್ಲಿ ಮುಳುಗಿರುತ್ತಾರೆ! ಪೋಲಿಗಳ ದಿನಚರಿಯನ್ನು ಇಷ್ಟು ಕರಾರುವಾಕ್ಕಾಗಿ ಬಲ್ಲ ಕಾನೂನು, ಅವರನ್ನು ಬೀದಿಯಿಂದ ಕಳಿಸುವ ಬದಲು ಹೆಂಗಸರನ್ನು ಮನೆಗೆ ಕಳಿಸಿತು. ಆಮೇಲಿನ ಹನಫಿ ಪಂಡಿತರು ಮುದುಕಿಯರಿಗಿದ್ದ ರಿಯಾಯಿತಿಯನ್ನೂ ತೆಗೆದರು.

ಏಕೆ ಹೀಗಾಯಿತು ಎಂಬುದಕ್ಕೆ ವಿದ್ವಾಂಸೆ ಲೈಲಾ ಅಹಮದ್ 1992ರ ತಮ್ಮ ಕೃತಿಯಲ್ಲಿ ಕೊಟ್ಟ ಉತ್ತರ ಇಂದಿಗೂ ಚರ್ಚೆಯ ಕೇಂದ್ರದಲ್ಲಿದೆ. ಅರಬರು ಬೈಜಾಂಟಿಯಂ ಮತ್ತು ಪರ್ಷಿಯಾದ ನೆಲವನ್ನು ಗೆದ್ದಾಗ, ಅಂತಃಪುರ, ಘೋಷಾ, ದಾಸಿಯರ ಮಾರುಕಟ್ಟೆ ಇದ್ದ ನಗರಗಳನ್ನೂ ಗೆದ್ದರು. 762ರಲ್ಲಿ ಬಾಗ್ದಾದ್ ತಲೆಯೆತ್ತಿತು. ಅಲ್ಲಿ ಕಾನೂನು ಬರೆದ ಪಂಡಿತರ ಕಣ್ಣೆದುರು ಹೆಣ್ಣೆಂದರೆ ಕೊಳ್ಳಬಹುದಾದದ್ದು ಎಂಬ ದಿನನಿತ್ಯದ ದೃಶ್ಯವಿತ್ತು. ಈ ವಾದದಲ್ಲಿ ಹುರುಳಿದೆ. ಆದರೆ ತಪ್ಪನ್ನೆಲ್ಲ ಹೊರಗಿನವರ ತಲೆಗೆ ಕಟ್ಟುವ ಜಾಡಿಗೂ ಅದು ಎಳೆಯುತ್ತದೆ. ದಾಸ್ಯ ಮದೀನಾದಲ್ಲೂ ಇತ್ತು. ದಾಸಿಯರು ಸ್ವತಂತ್ರ ಹೆಂಗಸರಂತೆ ಮೈ ತುಂಬ ಹೊದ್ದುಕೊಂಡರೆ ಖಲೀಫ ಉಮರ್ ಗದರಿಸಿ ತೆಗೆಸುತ್ತಿದ್ದರೆಂಬ ವರದಿಗಳಿವೆ. ಹೊದಿಕೆ ಆಗ ಕುಲೀನತೆಯ ಗುರುತು, ಎಲ್ಲ ಹೆಣ್ಣುಗಳಿಗೆ ದಕ್ಕುವ ಮರ್ಯಾದೆಯಾಗಿರಲಿಲ್ಲ. ಆದಿಕಾಲದ ಹೆಣ್ಣು ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಆಯಿಷಾ ಅವರ ಜೊತೆಗೆ ಬರೀರಾ ಕೂಡ ನೆನಪಿಗೆ ಬರಬೇಕು. ಆಯಿಷಾ ಕೊಂಡು ಬಿಡುಗಡೆ ಮಾಡಿದ ದಾಸಿ ಈಕೆ. ಸ್ವತಂತ್ರಳಾದ ಕೂಡಲೇ ದಾಸನಾಗಿದ್ದ ಗಂಡ ಮುಗೀಸ್‌ನನ್ನು ಬಿಟ್ಟಳು. ಅವನು ಗಡ್ಡವೆಲ್ಲ ತೊಯ್ಯುವಂತೆ ಅಳುತ್ತ ಮದೀನಾದ ಬೀದಿಗಳಲ್ಲಿ ಅವಳ ಹಿಂದೆ ಅಲೆದ. ಪ್ರವಾದಿ ಅವನ ಪರವಾಗಿ ಮಾತಾಡಿದಾಗ ಇದು ಆಜ್ಞೆಯೋ ಎಂದು ಬರೀರಾ ಕೇಳಿದಳು. ಇಲ್ಲ, ಶಿಫಾರಸು ಮಾತ್ರ ಎಂದ ಮೇಲೆ, ಹಾಗಿದ್ದರೆ ತನಗೆ ಅವನು ಬೇಡ ಎಂದುಬಿಟ್ಟಳು. ಪ್ರವಾದಿಯವರಿಗೇ ಇಲ್ಲವೆನ್ನುವ ಈ ಧೈರ್ಯ ನಿಜವಾದದ್ದು. ಬಿಡುಗಡೆಯ ಹಿಂದಿನ ದಿನದವರೆಗೆ ಅವಳಿಗೆ ಆ ಹಕ್ಕು ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಎಂಟನೇ ಶತಮಾನದ ನಡುವಿನಿಂದ ಹದೀಸ್ ಸರಪಳಿಗಳಲ್ಲಿ ಹೆಂಗಸರ ಹೆಸರು ವಿರಳವಾಗುತ್ತದೆ. ವಿದ್ವಾಂಸೆ ಆಸ್ಮಾ ಸಯೀದ್ 2013ರ ಅಧ್ಯಯನದಲ್ಲಿ ಇದರ ಕಾರಣಗಳನ್ನು ಬಿಡಿಸಿದ್ದಾರೆ. ವಿದ್ಯೆ ವೃತ್ತಿಯಾಯಿತು, ಊರೂರು ಅಲೆದು ಗುರುಗಳನ್ನು ಹುಡುಕುವುದು ಕಡ್ಡಾಯವಾಯಿತು, ಕಾನೂನು ಬಲ್ಲವರ ನಿರೂಪಣೆಗೇ ಬೆಲೆ ಬಂತು. ಒಂಟಿಯಾಗಿ ಪ್ರಯಾಣ ಮಾಡಲಾಗದ ಹೆಣ್ಣುಮಕ್ಕಳು ಈ ಓಟದಲ್ಲಿ ಹಿಂದುಳಿದರು. ಹತ್ತನೇ ಶತಮಾನದ ಕೊನೆಯಿಂದ ಮತ್ತೆ ದೊಡ್ಡ ಹೆಸರುಗಳು ಕಾಣುತ್ತವೆ. ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಬುಖಾರಿಯ ಸಂಗ್ರಹವನ್ನು ಪಾಠ ಹೇಳುತ್ತಿದ್ದರು, ಬಾಗ್ದಾದಿನ ಹೆಸರಾಂತ ಇತಿಹಾಸಕಾರ ಅಲ್ ಖತೀಬ್ ಹಜ್‌ಗೆ ಬಂದವರು ಅವರ ಬಳಿ ಅದನ್ನು ಓದಿದರು. ಹದಿನಾಲ್ಕನೇ ಶತಮಾನದ ಡಮಾಸ್ಕಸ್‌ನಲ್ಲಿ ಝೈನಬ್ ಬಿಂತ್ ಅಲ್ ಕಮಾಲ್ ತೊಂಬತ್ತು ದಾಟಿದ ವಯಸ್ಸಿನವರೆಗೂ ಪಾಠ ಹೇಳಿದರು. ಇದು ದೊಡ್ಡ ಪರಂಪರೆ, ಜೌನ್‌ಪುರ ಮೂಲದ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿ ಇಂಥ ಹೆಂಗಸರ ಮೇಲೆ 43 ಸಂಪುಟಗಳ ಕೋಶವನ್ನೇ ಪ್ರಕಟಿಸಿದ್ದಾರೆ.

ಆದರೆ ಅಮ್ರಾಗೂ ಝೈನಬ್‌ಗೂ ಒಂದು ವ್ಯತ್ಯಾಸವಿದೆ, ಸಂಪುಟಗಳ ಎಣಿಕೆಯಲ್ಲಿ ಅದು ಮರೆತುಹೋಗುತ್ತದೆ. ಅಮ್ರಾ ಮಾತು ಕೇಳಿ ಅಧಿಕಾರಿ ಶಿಕ್ಷೆ ನಿಲ್ಲಿಸಿದರು. ಝೈನಬ್ ಬಳಿಗೆ ವಿದ್ಯಾರ್ಥಿಗಳು ಬಂದದ್ದು ಗ್ರಂಥದ ಶುದ್ಧ ಪಾಠಕ್ಕೆ, ಪ್ರವಾದಿಯವರಿಗೆ ಸಮೀಪವಾದ ಚಿಕ್ಕ ಸರಪಳಿಗೆ. ಆ ಪಾಠದಿಂದ ಕಾನೂನು ತೆಗೆಯುವ ಕೆಲಸ ಬಹುಮಟ್ಟಿಗೆ ಬೇರೆಯವರ ಪಾಲಾಗಿತ್ತು. ಗೌರವ ಕಡಿಮೆಯಾಗಲಿಲ್ಲ, ಅಧಿಕಾರ ಕಡಿಮೆಯಾಯಿತು.

ಆಯ್ಕೆಯ ಹಿಂದಿನ ಪಕ್ಷಪಾತವನ್ನು ಎಲ್ಲರಿಗಿಂತ ಖಾರವಾಗಿ ಎತ್ತಿ ತೋರಿಸಿದವರು ಮೊರಾಕ್ಕೋದ ಸಮಾಜಶಾಸ್ತ್ರಜ್ಞೆ ಫಾತಿಮಾ ಮರ್ನಿಸ್ಸಿ (1940–2015). ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನಾಂಗಕ್ಕೆ ಏಳಿಗೆಯಿಲ್ಲ ಎಂಬ ಹದೀಸ್ ಅನ್ನು ಅವರು ಪತ್ತೇದಾರಿಯಂತೆ ಬೆನ್ನಟ್ಟಿದರು. ಅದರ ನಿರೂಪಕ ಅಬೂಬಕ್ರಾ ಎಂಬ ಸಹಾಬಿ. ಪ್ರವಾದಿ ತೀರಿಕೊಂಡು ಸುಮಾರು 25 ವರ್ಷಗಳ ನಂತರ, 656ರಲ್ಲಿ ಬಸ್ರಾ ಬಳಿ ಆಯಿಷಾ ಸೈನ್ಯ ಒಂಟೆಯ ಯುದ್ಧದಲ್ಲಿ ಸೋತ ಸಂದರ್ಭದಲ್ಲಿ ಅಬೂಬಕ್ರಾಗೆ ಆ ಮಾತು ನೆನಪಾಯಿತು. ಇದೇ ಅಬೂಬಕ್ರಾ ಹಿಂದೊಮ್ಮೆ ವ್ಯಭಿಚಾರದ ಆರೋಪ ಸಾಬೀತು ಮಾಡಲಾಗದೆ ಉಮರ್ ಕೈಯಲ್ಲಿ ಛಡಿಯೇಟಿನ ಶಿಕ್ಷೆ ಪಡೆದವರು, ಆಮೇಲೆ ಅವರ ಸಾಕ್ಷ್ಯವನ್ನು ಸ್ವೀಕರಿಸುತ್ತಿರಲಿಲ್ಲ. ಹಾಗಿದ್ದೂ ಹದೀಸ್ ನಡೆಯಿತು, ಯಾಕೆಂದರೆ ಸಾಕ್ಷ್ಯ ಬೇರೆ, ನಿರೂಪಣೆ ಬೇರೆ! ಹೆಣ್ಣಿನ ಮಾತಿಗೆ ಬಾಗಿಲು ತೆರೆದ ಅದೇ ನಿಯಮ ಹೆಣ್ಣಿನ ಆಳ್ವಿಕೆಗೆ ವಿರುದ್ಧವಾದ ಮಾತನ್ನೂ ಒಳಗೆ ಬಿಟ್ಟುಕೊಂಡಿತು. ಮರ್ನಿಸ್ಸಿಯ 1987ರ ಆ ಪುಸ್ತಕಕ್ಕೆ ಮೊರಾಕ್ಕೋದಲ್ಲಿ ನಿಷೇಧ ಬಿತ್ತು.

ಕನ್ನಡದಲ್ಲಿ ಈ ಪ್ರಶ್ನೆ ಕಥೆ ಕಾದಂಬರಿಗಳ ಬಾಗಿಲಿನಿಂದ ಬಂತು. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖ್‌ನ ಕ್ರೌರ್ಯವನ್ನು ಮನೆಯೊಳಗಿಂದ ತೋರಿಸಿದರು. ಹಾಸನದ ಬಾನು ಮುಷ್ತಾಕ್ 2000ದ ಹೊತ್ತಿಗೆ, ಹೆಣ್ಣುಮಕ್ಕಳಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದದ್ದಕ್ಕೆ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದಿಸಿದವರಿಗೆಲ್ಲ ಆ ದಿನಗಳು ನೆನಪಿದ್ದವೋ ಇಲ್ಲವೋ. ಅವರು ಅಂದು ಕೇಳಿದ್ದು ಆತಿಕಾ ಅನುಭವಿಸುತ್ತಿದ್ದ ಹಕ್ಕನ್ನೇ. ಇಪ್ಪತ್ತು ವರ್ಷಗಳ ನಂತರ, 2020ರಲ್ಲಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಹೆಂಗಸರು ನಮಾಜ್‌ಗಾಗಿ ಮಸೀದಿಗೆ ಬರಲು ಇಸ್ಲಾಮಿನಲ್ಲಿ ಅಡ್ಡಿಯಿಲ್ಲ, ಆದರೆ ಸಾಮೂಹಿಕ ನಮಾಜ್ ಅವರಿಗೆ ಕಡ್ಡಾಯವಲ್ಲ ಎಂದು ಹೇಳಿತು. ಹೊಸ ಹದೀಸ್ ಏನೂ ಸಿಕ್ಕಿರಲಿಲ್ಲ. ಇದ್ದದ್ದರಲ್ಲೇ ಬೇರೆಯದನ್ನು ಎತ್ತಿಕೊಂಡರು, ಅದೂ ನ್ಯಾಯಾಲಯ ಕೇಳಿದ ಮೇಲೆ.

ಇಂದಿನ ಹಕ್ಕಿಗೆ ಏಳನೇ ಶತಮಾನದ ರುಜು ಏಕೆ ಬೇಕು, ಸಂವಿಧಾನ ಸಾಲದೇ ಎಂದು ಕೇಳುವವರಿದ್ದಾರೆ. ನ್ಯಾಯಾಲಯದ ಮಟ್ಟಿಗೆ ಸಂವಿಧಾನ ಸಾಕು, ಸಾಕಾಗಲೇಬೇಕು. ಪ್ರವಾದಿಯವರ ಕಾಲದಲ್ಲಿ ಹೆಂಗಸರು ಮಸೀದಿಯಲ್ಲಿ ಇರದೇ ಹೋಗಿದ್ದರೂ ಇಂದಿನ ಹೆಣ್ಣುಮಗಳ ಸಮಾನತೆ ಕಿಂಚಿತ್ತೂ ತಗ್ಗುವುದಿಲ್ಲ. ಆದರೆ ಮೊದಲಿನಿಂದಲೂ ಹೀಗೇ ಇತ್ತು ಎಂಬ ಮಾತಿಗೆ ಮೊಹಲ್ಲಾದಲ್ಲಿ, ಮನೆಯಲ್ಲಿ ಉತ್ತರ ಕೊಡಬೇಕಾದವಳಿಗೆ ಸಂವಿಧಾನದ ವಿಧಿಗಿಂತ ಉಮ್ಮು ಸಲಮಾ ಹೆಚ್ಚು ಕೆಲಸಕ್ಕೆ ಬರುತ್ತಾರೆ. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಕೆಲವು ಹೆಂಗಸರಿಗೆ ತರಬೇತಿ ಕೊಟ್ಟು ಖಾಝಿಗಳೆಂದು, ಅಂದರೆ ಧಾರ್ಮಿಕ ನ್ಯಾಯಾಧೀಶರೆಂದು, ಕರೆದಾಗ ಜೈಪುರದಲ್ಲಿ 2016ರಲ್ಲಿ ದೊಡ್ಡ ವಿರೋಧ ಎದ್ದಿತು. ಹೆಣ್ಣು ಖಾಝಿಯಾಗುವುದು ಉಂಟೇ ಎಂದರು. ಹನಫಿ ಮದರಸಾಗಳಲ್ಲಿ ಇಂದಿಗೂ ಪಠ್ಯವಾಗಿರುವ, ಯುವತಿಯರನ್ನು ಮಸೀದಿಗೆ ಬರಬೇಡಿ ಎಂದ ಅದೇ ‘ಹಿದಾಯಾ’ದಲ್ಲಿ ನ್ಯಾಯಾಧೀಶರ ಮೇಲೊಂದು ಅಧ್ಯಾಯವಿದೆ. ಕೈ ಕಡಿಯುವಂಥ ನಿಗದಿತ ಶಿಕ್ಷೆಗಳು ಮತ್ತು ಕೊಲೆಯ ಪ್ರತೀಕಾರ, ಈ ಎರಡನ್ನು ಬಿಟ್ಟು ಉಳಿದೆಲ್ಲ ವ್ಯಾಜ್ಯಗಳಲ್ಲಿ ಹೆಣ್ಣು ಕೊಟ್ಟ ತೀರ್ಪು ನಡೆಯುತ್ತದೆ ಎಂದು ಮರ್ಗೀನಾನಿ ಅಲ್ಲಿ ಬರೆದಿದ್ದಾರೆ.